ಸೇತುವೆ ಕಲ್ಲಿಗೆ ಹಚ್ಚಿದ ಗಂಧ

ತೊರಗಲ್ಲಿನ ಹಳೇ ಸೇತುವೆಯ ಶಾಸನದ ಕಲ್ಲು ಕಳುವಾಗಿತ್ತು. ಮಣೆಯಷ್ಟು ಕಲ್ಲು, ಗಾರೆ ಸಡಿಲಾಗಿ ಅಲ್ಲಾಡುತ್ತಿತ್ತಂತೆ. ಪಿಎಸ್‌ಐ ಶ್ರದ್ಧಾ ಖಾಲಿ ಗೂಡನ್ನು ನೋಡಿ ನಿಟ್ಟುಸಿರು ಬಿಟ್ಟಳು. ಕಳ್ಳರಿಗೆ ಊರಲ್ಲಿ ಬೇರೇನೂ ಸಿಗಲಿಲ್ಲವೇ?

"ಮಧ್ಯಾಹ್ನ ಪುರಾತತ್ವದವರು ಬರ್ತಾರ್ರಿ," ಎಂದರು ದೂರು ಕೊಟ್ಟ ನಿವೃತ್ತ ಮಾಸ್ತರ ವೆಂಕಣ್ಣ. "ಆ ಅಕ್ಷರ ನೋಡಿದ್ರ ಸೇತುವಿ ಉಳೀತದ. ಇಲ್ಲಂದ್ರ ಕೆಡವತಾರ."

"ಯಾರ ಮ್ಯಾಲ ಸಂಶೇ?"

"ಪರಸಪ್ಪ. ಹೊಸಾ ಸೇತುವಿ ಗುತ್ತಿಗಿ ಅವಂದು."

*

ಪರಸಪ್ಪ ಎರಡು ದಿನ ಬೈಲಹೊಂಗಲದ ಮದುವೆಯಲ್ಲಿದ್ದು ಆಗಷ್ಟೇ ಊರಿಗೆ ಮರಳಿದ್ದ. ರುಮಾಲು ಸುತ್ತಿದ ನಲವತ್ತು ಫೋಟೊ ತೋರಿಸಿದ. ಬೀಗರ ಪರಿಚಯ ಸಮೇತ ಶ್ರದ್ಧಾ ಎಲ್ಲವನ್ನೂ ನೋಡಬೇಕಾಯಿತು.

"ನನ್ನ ಬಿಟ್ರ ಊರಾಗ ಕಳ್ಳರ ಇಲ್ಲೇನ್ರಿ? ನಡೀರಿ, ನಾನೂ ಬಂದು ಹುಡುಕತೇನಿ," ಎಂದು ಜೀಪು ಹತ್ತಿಯೇಬಿಟ್ಟ.

*

ಸೇತುವೆಯ ಪಕ್ಕದ ಬೇವಿನ ಮರದಡಿ ಹೆಂಗಸರು ನೆರೆದಿದ್ದರು; ವೆಂಕಣ್ಣ ಮಾಸ್ತರು ಒಂದು ಬದಿಗೆ ನಿಂತಿದ್ದರು. ಮುದುಕಿ ಲಗಮವ್ವ ಒಂದು ಕಲ್ಲಿಗೆ ಅರಿಸಿನದ ಭಂಡಾರ ಸುರಿಯುತ್ತಿದ್ದಳು.

"ಇದ್ಯಾವ ದೇವರು, ಆಯಿ?"

"ನಿನ್ನಿ ಮುಂಜಾನೆ ಮೂಡೇತಿ, ಯವ್ವಾ."

ಶ್ರದ್ಧಾ ಹಣೆ ಚಚ್ಚಿಕೊಂಡಳು. ಚಪ್ಪಲಿ ಬಿಟ್ಟು, ಕಲ್ಲಿನ ಹಿಂದೆ ಬಗ್ಗಿ ನೋಡಿದಳು. ಅಕ್ಷರಗಳು!

"ಮೊದಲ ಪೂಜಿ ಯಾರದು?"

"ಯಾರಿಗ್ಗೊತ್ತು? ನಾವು ಬರೂದ್ರಾಗ ಗಂಧ ಇತ್ತು. ಅದನ್ನ ನೋಡೇ ದೇವರಂತ ತಿಳದ್ವಿ."

ಶ್ರದ್ಧಾ ಮೆಲ್ಲಗೆ ವೆಂಕಣ್ಣನವರ ಕಡೆ ತಿರುಗಿದಳು. ಅವರ ಹಣೆಯ ಮೇಲಿನ ಗಂಧ ಬೆವರಿಗೆ ಕರಗುತ್ತಿತ್ತು.

"ಮಾಸ್ತರ, ಊರೆಲ್ಲಾ ಭಂಡಾರ ಹಚ್ಚತೈತಿ. ಗಂಧ ತೇಯೂದು ನಿಮ್ಮ ಮನಿ ಒಂದ. ಮತ್ತ ಬ್ರಿಜ್ಜು ಕೆಡವಾಂವ ಕದ್ದಿದ್ರ ಕಲ್ಲು ಒಡದು ಹೊಳಿಗೆ ಒಗೀತಿದ್ದ. ಇಲ್ಲಿ ಒಂದಕ್ಷರ ಮುಕ್ಕಾಗಿಲ್ಲ. ತೊಳದು ಇಟ್ಟೀರಿ."

ವೆಂಕಣ್ಣ ಹಣೆಯ ಗಂಧ ಒರೆಸಿಕೊಂಡರು. "ಪರಸಪ್ಪ ಒಡೀತಾನಂತ ಅಂಜಿ ಮೊನ್ನೆ ರಾತ್ರಿ ಬಚ್ಚಿಟ್ಟೆ. ಕಲ್ಲು ನಿಂದ್ರಿಸಿದ ಮ್ಯಾಲ ಕೈ ಕೇಳಲಿಲ್ಲ, ಗಂಧ ಹಚ್ಚಿಬಿಟ್ಟೆ. ಮುಂಜಾನೆ ಬಂದ್ರ ದೇವರಾಗಿತ್ತು!"

"ಮತ್ತ ದೂರು ಯಾಕ ಕೊಟ್ರಿ?"

"ದೇವರನ್ನ ನಾ ಹೆಂಗ ಎತ್ತಲಿ? ಪೊಲೀಸರು ಎತ್ತಿದ್ರ ನಡೀತದ ಅಂತ…"

"ಅಂದ್ರ ಬೈಸಿಕೊಳ್ಳಾಕ ನಾನು!"

ಅವಳು ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಲಗಮವ್ವ ಅಡ್ಡ ಕುಳಿತಳು. "ಮೊದ್ಲ ನನ್ನ ಎತ್ತು."

"ಆಯಿ, ಇದು ಆ ಬ್ರಿಜ್ಜಿನ ಕಲ್ಲು!"

ಲಗಮವ್ವ ಸೇತುವೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಹಂಗಾದ್ರ ಇದರ ಗುಡಿ ಆ ಬ್ರಿಜ್ಜೇನು? ಮೊದ್ಲ ಹೇಳಬಾರದೇನ ಖೋಡಿ?"

ಹೆಂಗಸರು ಕಲ್ಲನ್ನು ತಲೆಯ ಮೇಲೆ ಹೊತ್ತು ಹೊರಟರು. ಪುರಾತತ್ವದವರ ಜೀಪು ಬರುವ ಹೊತ್ತಿಗೆ ಕಲ್ಲು ತನ್ನ ಗೂಡು ಸೇರಿ, ಸೇತುವೆಯೆಲ್ಲ ಭಂಡಾರದಿಂದ ಹಳದಿಯಾಗಿತ್ತು. ಇನ್ನು ಅದಕ್ಕೆ ಹಾರೆ ಹಾಕುವ ಆಳು ಸುತ್ತ ಏಳು ಹಳ್ಳಿಯಲ್ಲಿ ಸಿಗುವಂತಿರಲಿಲ್ಲ.

ಎಫ್‌ಐಆರ್‌ನಲ್ಲಿ ಏನು ಬರೆಯುವುದೆಂದು ತಿಳಿಯದೆ ಶ್ರದ್ಧಾ ಪೆನ್ನು ಕಚ್ಚುತ್ತ ನಿಂತಳು. ಅವಳ ಪಕ್ಕದಲ್ಲಿ ಗುತ್ತಿಗೆದಾರ ಪರಸಪ್ಪ ಗೊಣಗುತ್ತ ಚಪ್ಪಲಿ ಕಳಚಿದ.