ಬೂದನ ಎಡಗಿವಿ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹಂಸಾವತಿ ಎಂಬ ರಾಜ್ಯವಿತ್ತು. ಅಲ್ಲಿನ ನಾಯಿ ಬೊಗಳಿದರೆ ಎಂಥ ಮಾಯೆಯೂ ಕರಗಿಹೋಗುತ್ತಿತ್ತು. ಅದಕ್ಕೇ ಕರಿನಾಲಗೆಯ ಮಾಂತ್ರಿಕನೊಬ್ಬ ಮೊದಲು ನಿದ್ದೆಯಲ್ಲಿದ್ದ ನಾಯಿಗಳನ್ನೆಲ್ಲ ಕಲ್ಲು ಮಾಡಿದ. ಆಮೇಲೆ ರಾಜನನ್ನೂ ಕಲ್ಲು ಮಾಡಿ ತನ್ನ ಗುಹೆಗೆ ಹೊತ್ತೊಯ್ದ.

ಒಂದೇ ಒಂದು ಮರಿ ಕುಂಬಾರರು ಮಡಕೆ ಸುಡುವ ಆವಿಗೆಯ ಬೂದಿಯಲ್ಲಿ ಅಡಗಿ ಉಳಿಯಿತು. ಅದನ್ನು ಕಂಡವಳು ಕುಂಬಾರರ ಹುಡುಗಿ ಕೆಂಚಿ. ಅವಳ ಜೊತೆ ಮಣ್ಣಾಟಕ್ಕೆ ಬರುತ್ತಿದ್ದ ರಾಜಕುಮಾರ ಜಯಸೇನ, "ಇಬ್ರೂ ಸೇರಿ ಸಾಕೋಣ ಕಣೇ" ಎಂದ. ಮೊದಲ ಹಾಲು ಕುಡಿಸುವಾಗ ಮರಿಯ ಕಿವಿಯಲ್ಲಿ ಯಾರು ತಮ್ಮ ಹೆಸರು ಹೇಳುತ್ತಾರೋ, ಮರಿ ಅವರದು. ಅದು ಅಲ್ಲಿಯ ಪದ್ಧತಿ. ಕೆಂಚಿ ಎಡಗಿವಿಯಲ್ಲಿ ಹೇಳಿದಳು, ಜಯಸೇನ ಬಲಗಿವಿಯಲ್ಲಿ. ಹಾಲು ಕೆಂಚಿಯ ಮನೆ ಮೇಕೆಯದು. ಅರಮನೆಯಿಂದ ಬಂದದ್ದು ಬರೀ ಬೆಳ್ಳಿ ಬಟ್ಟಲು. ಮರಿಗೆ ಬೂದ ಎಂದು ಹೆಸರಿಟ್ಟರು.

ಬೂದ ಬೆಳೆದ ಮೇಲೆ ಮೂವರೂ ಗುಹೆಗೆ ಹೊರಟರು. ಮೊದಲ ಬಾಗಿಲಲ್ಲಿ ಬೆಂಕಿಯ ಹುಲಿ. ಬೂದ ಬೊಗಳಿದ, ಹುಲಿ ಹೊಗೆಯಾಯಿತು. ಎರಡನೆಯ ಬಾಗಿಲಲ್ಲಿ ಕಬ್ಬಿಣದ ಹಾವು. ಬೂದ ಬೊಗಳಿದ, ಹಾವು ತುಕ್ಕಾಯಿತು. ಮೂರನೆಯ ಬಾಗಿಲು ಮಾತಾಡಿತು: "ಇಬ್ಬರ ನಾಯಿ ಈ ಹೊಸ್ತಿಲು ದಾಟದು. ಒಬ್ಬರು ಹೆಸರು ವಾಪಸು ತೆಗೆದುಕೊಳ್ಳಿ."

"ಒಳಗಿರೋದು ನಮ್ಮಪ್ಪ ಕಣೇ," ಜಯಸೇನ ಅಳುತ್ತಾ ಹೇಳಿದ.

ಕೆಂಚಿ ಬೂದನ ಎಡಗಿವಿ ಸವರಿದಳು. "ಆಮೇಲೆ ಮತ್ತೆ ನನ್ನ ಹೆಸ್ರು ಹೇಳೋಕೆ ಬಿಡ್ತೀಯಾ?"

"ಬಿಡ್ತೀನಿ. ನಮ್ಮಪ್ಪನಾಣೆ."

ಅವಳು ಎಡಗಿವಿಗೆ ಬಗ್ಗಿ, "ನಾನು ನಿನ್ನವಳಲ್ಲ ಕಣೋ" ಎಂದಳು. ಬೂದ ಅವಳನ್ನು ಹೊಸಬಳಂತೆ ಮೂಸಿ ನೋಡಿ, ಜಯಸೇನನ ಹಿಂದೆ ಒಳಗೆ ಹೋದ. ಅವನು ಒಮ್ಮೆ ಬೊಗಳಿದ್ದೇ ತಡ, ಮಾಂತ್ರಿಕ ಸುಟ್ಟ ಹಂಚಿನಂತೆ ಒಡೆದುಬಿದ್ದ. ರಾಜ ಕಣ್ಣುಬಿಟ್ಟ, ಕಲ್ಲಾಗಿದ್ದ ನಾಯಿಗಳೆಲ್ಲ ಬಾಲ ಅಲ್ಲಾಡಿಸಿದವು. ಊರಿಗೆ ಊರೇ ಹಬ್ಬ ಮಾಡಿತು.

ಹಬ್ಬ ಮುಗಿದ ಮೇಲೆ ಕೆಂಚಿ ಮೇಕೆಯ ಹಾಲು ತುಂಬಿದ ಕುಡಿಕೆ ಹಿಡಿದು ಅರಮನೆಗೆ ಹೋದಳು. ಬೂದನ ಕೊರಳಲ್ಲಿ ಚಿನ್ನದ ಪಟ್ಟಿಯಿತ್ತು. ಅವಳನ್ನು ಕಂಡದ್ದೇ ಹಲ್ಲು ಕಿರಿದು ಬೊಗಳಿದ.

"ಹೆದರ್ಬೇಡ, ಕಚ್ಚಲ್ಲ," ಜಯಸೇನ ನಕ್ಕ.

"ಎಡಗಿವಿ ಹಿಡ್ಕೋ. ಹೆಸ್ರು ಹೇಳ್ತೀನಿ."

ಅವನು ಅವಳ ಮುಖ ನೋಡಲಿಲ್ಲ. "ಈಗಿದು ಅರಮನೆ ನಾಯಿ, ಕೆಂಚಿ. ಮಹಾರಾಜರು ಒಪ್ಪಲ್ಲ."

ಗುಹೆಯಲ್ಲಿ ಅಪ್ಪನಾಗಿದ್ದವನು ಇಲ್ಲಿ ಮಹಾರಾಜನಾಗಿದ್ದ. ಕೆಂಚಿ ಕುಡಿಕೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟಳು.

ಅಂದಿನಿಂದ ಹಂಸಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು ಎನ್ನುತ್ತಾರೆ. ಇರಲಿ ಬಿಡಿ. ಕೆಂಚಿ ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು. ಅವಳು ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಬೂದ ಹಾಲು ಕುಡಿಯುತ್ತಿದ್ದ.