ಬಿಚ್ಚದ ಹಸಿರು ದಾರ

೨೦೧೯ರ ಜುಲೈ ೧೨, ಶುಕ್ರವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ.

ಕಾಲೇಜಿನ ಕೆಟ್ಟುಹೋದ ವೋಲ್ಟ್ ಮೀಟರ್ ಹಿಡಿದು ರಿಪೇರಿ ಅಂಗಡಿಗೆ ಬಂದ ಲ್ಯಾಬ್ ಮೇಡಂ ಬಾಗಿಲಲ್ಲೇ ನಿಂತಳು. ಮೇಜಿನ ಹಿಂದೆ ಅವನು… ಆರು ವರ್ಷದ ಮೇಲೆ. ಅವನ ತಲೆಯ ಮೇಲಿನ ಹಲಗೆಯಲ್ಲಿ, ಅಂದು ಅವನು ಅವಳಿಗೆ ಕಳಿಸಿದ್ದ ಅದೇ ಹಳೆಯ ಕಂಪ್ಯೂಟರ್. ವಾಪಸ್ ಕಳಿಸುವಾಗ ಅದರ ಸುತ್ತ ಅವಳು ಕಟ್ಟಿದ್ದ ಹಸಿರು ದಾರದ ಗಂಟು ಹಾಗೇ ಇತ್ತು.

"ಬಿಚ್ಚಲೇ ಇಲ್ವಾ?"

"ವಾಪಸ್ ಕಳಿಸಿದ್ದೆಯಲ್ಲ. ಬೇಡ ಅಂತ ಅರ್ಥ ಆಯ್ತು."

ಮದುವೆಯಾಗ್ತೀಯಾ ಎಂದು ಅವನು ಕೇಳಿದ್ದು ಆ ಯಂತ್ರದ ಪರದೆಯಲ್ಲಿ. ಅವಳೂ ಅದರಲ್ಲೇ ಉತ್ತರ ಬರೆದು ಕಳಿಸಿದ್ದಳು. ಅವನ ಮೌನವನ್ನೇ ನಿರಾಕರಣೆ ಎಂದುಕೊಂಡಿದ್ದಳು!

"ಉತ್ತರ ಒಳಗಿದೆ ಕಣೋ."

"ಏನಂತ?"

ಈಗ ಬಾಯಲ್ಲಿ ಹೇಳಿದರೆ ಕನಿಕರ ಅಂದುಕೊಳ್ಳುತ್ತಾನೆ… "ನೀನೇ ಓದು."

ಅವನು ಕವಚ ತೆಗೆದು, ನೆನಪು ಕಾಯುವ ಪುಟ್ಟ ಬ್ಯಾಟರಿಯನ್ನು ಅಳೆದ. ಎರಡು ಪಾಯಿಂಟ್ ಒಂದು ವೋಲ್ಟ್.

"ಇದಕ್ಕೆ ಡಿಸ್ಕ್ ಇಲ್ಲ, ಎರಡಕ್ಕಿಂತ ಇಳಿದ್ರೆ ಬರೆದಿದ್ದೆಲ್ಲ ಅಳಿಸಿ ಹೋಗುತ್ತೆ. ಹೀಗೇ ಪ್ಲಗ್ ಹಾಕಿದ್ರೂ ಅಪಾಯ. ನಾನು ಹೊಸದನ್ನ ಬೆಸೆಯೋವರೆಗೆ ಬೇರೆ ಬ್ಯಾಟರಿಯ ಈ ಎರಡು ತಂತಿ ಒತ್ತಿ ಹಿಡಿ. ಕದಲಬೇಡ."

ದಿನವೂ ವಿದ್ಯಾರ್ಥಿಗಳಿಗೆ ಕೈ ನಡುಗಿಸಬೇಡಿ ಎನ್ನುವವಳು ಉಸಿರು ಬಿಗಿಹಿಡಿದಳು. ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯಿಲ್ಲ. ಅವನ ಕೈಯೂ ಖಾಲಿಯಿಲ್ಲ.

ಹಳೆಯ ಬ್ಯಾಟರಿ ಕಳಚಿ ಬಂತು.

"ಕೋಪಕ್ಕೆ ಬಿಚ್ಚದೇ ಇದ್ದಿದ್ದಲ್ಲ," ಎಂದ ಅವನು, ತಲೆಯೆತ್ತದೆ. "ಆ ಗಂಟು ನೀನು ಹಾಕಿದ್ದು ಅಂತ…"

ತಂತಿ ಜಾರಿತು. ಅರೆಕ್ಷಣ, ಅಷ್ಟೇ.

ಅವನು ಬೆಸುಗೆ ಮುಗಿಸಿ ಪ್ಲಗ್ ಹಾಕಿದ. ನೀಲಿ ಪರದೆ. ಪ್ರಶ್ನೆಯಿಲ್ಲ, ಉತ್ತರವಿಲ್ಲ.

"ನಾನೇ ಹಾಳು ಮಾಡಿದೆ… ಇನ್ನು ಏನು ಹೇಳಿದ್ರೂ ಈಗ ಕಟ್ಟಿದ ಕಥೆ ಅಂತೀಯ."

"ಕೆಲಸದ ಮಧ್ಯೆ ಬಾಯಿ ಬಿಟ್ಟಿದ್ದು ನಾನು." ಅವನು ಒಂದೊಂದೇ ಕೀಲಿ ಒತ್ತಿ ಹಳೆಯ ಪ್ರಶ್ನೆಯನ್ನು ಮತ್ತೆ ಬರೆದ. ಕೀಲಿಮಣೆಯನ್ನು ಅವಳ ಕಡೆ ಸರಿಸಿದ.

ಅವಳು ಆರು ವರ್ಷದ ಹಿಂದಿನದನ್ನೇ ಅಕ್ಷರವೂ ಬಿಡದೆ ಬರೆದಳು. 'ಹೂಂ. ಆದರೆ ಅಮ್ಮನ ಹತ್ತಿರ ನೀನೇ ಮಾತಾಡಬೇಕು. ನಾನು ಅಡುಗೆಮನೆಯಲ್ಲಿ ಅಡಗಿರುತ್ತೇನೆ.'

ಅವನು ಎರಡು ಸಲ ಓದಿದ.

"ನಂಬ್ತೀಯಾ?"

"ಇಷ್ಟು ಹೇಡಿ ಉತ್ತರ ಯಾರೂ ಕೂತು ಕಟ್ಟಲ್ಲ." ಅವನು ತನ್ನ ಮೀಟರ್ ಕೈಗೆತ್ತಿಕೊಂಡ. "ಅಮ್ಮ ಈಗಲೂ ಅಷ್ಟೇ ಗಟ್ಟಿನಾ?"

"ಇನ್ನೂ ಜಾಸ್ತಿ."

"ಈ ಉತ್ತರವನ್ನಾದ್ರೂ ಉಳಿಸ್ಕೊಳ್ಳೋಣ. ಹಿಡಿ."

ಮೀಟರಿನ ಒಂದು ಕಡ್ಡಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಹೊಸ ಬ್ಯಾಟರಿ ೩.೦೨ ವೋಲ್ಟ್ ತೋರಿಸಿತು.