ಬೆನ್ನಿಗೆ ಹತ್ತಿದ ಮಣ್ಣು

ರಂಗಂಪೇಟೆಯ ನಮ್ಮ ಗರಡಿಮನೆಯ ಕೆಂಪು ಮಣ್ಣನ್ನು ಗುತ್ತೇದಾರ ಒಂದು ಮಾತೂ ಕೇಳದೆ ಕಾಲುವೆಯ ಒಡ್ಡಿಗೆ ಹೇರಿಸಿಕೊಂಡು ಹೋಗಿದ್ದ. ಎಣ್ಣೆ, ಮಜ್ಜಿಗೆ ಕುಡಿಸಿ ನಮ್ಮ ಹಿರಿಯರು ಹದ ಮಾಡಿದ ಮಣ್ಣದು. ನನಗೂ ಉಸ್ತಾದ ದ್ಯಾವಪ್ಪನವರಿಗೂ ಮೈಯೆಲ್ಲ ಉರಿದು, ಮಟಮಟ ಮಧ್ಯಾಹ್ನವೇ ಒಡ್ಡಿಗೆ ಹೋದೆವು.

“ನಮ್ಮ ಮಣ್ಣು ವಾಪಸ್ ಕೊಡ್ರಿ,” ಎಂದೆ.

“ಅದರ ಮ್ಯಾಲ ನಿಮ್ಮಪ್ಪನ ಹೆಸರು ಬರ್ದಾದೇನಲೇ ಪೈಲ್ವಾನ?” ಎಂದು ಗುತ್ತೇದಾರ ಬೆನ್ನು ತಿರುಗಿಸಿದ. ಅವನ ಬಿಳಿ ಅಂಗಿಯ ಬೆನ್ನಿಗೆ, ಕುಸ್ತಿಯಲ್ಲಿ ಚಿತ್ತಾದವನಿಗೆ ಹತ್ತುವಂತೆ, ಹಸಿ ಕೆಂಪು ಮಣ್ಣು ಮೆತ್ತಿತ್ತು. ಒಡ್ಡು ಒಣಗಿತ್ತು; ಅವನ ಬೆನ್ನು ಮಜ್ಜಿಗೆ ನಾರುತ್ತಿತ್ತು.

ಬುಟ್ಟಿ ಹೊರುವ ಭೀಮಮ್ಮ ಅಂದಳು: “ಈಗರ ನಿಮ್ಮ ಬೆನ್ನು ಝಾಡ್ಸೀನ್ರಿ ಸಾಹೇಬ್ರ. ನೀವು ಬಿದ್ದಿಲ್ಲ, ಕುಂತಿಲ್ಲ, ಮತ್ತ ಮಣ್ಣು ಹತ್ಯಾದ.”

“ಚಿತ್ತಾದ್ರೂ ಬಾಯಿ ನಿಂತಿಲ್ಲ ನೋಡು ಇವಂದು,” ಎಂದು ಉಸ್ತಾದರು ಹಲ್ಲು ಕಡಿದರು.

“ಒಯ್ರಿ, ನಿಮ್ಮ ಮಣ್ಣು ಒಯ್ರಿ,” ಎನ್ನುತ್ತ ಗುತ್ತೇದಾರ ಅಂಗಿ ಕಳಚಿ ಎಸೆದ. ಬರಿಬೆನ್ನಿನ ಮೇಲೂ ಅದೇ ಹಸಿ ಮಣ್ಣು. ನಾನು ಅಂಗಿ ತಿರುವಿ ನೋಡಿದೆ. ಒಳಬದಿ ಆಗಷ್ಟೇ ಒಗೆದಂತೆ ಬೆಳ್ಳಗಿತ್ತು.